ಲೆನ್ಸ್ ಬದಲಾಯಿಸುವಷ್ಟು ಹೊತ್ತು

ಗಂಡ ಸತ್ತುಹೋದನೆಂದು ಮಗ ತಾಯಿಗೆ ಸುಳ್ಳು ಹೇಳಿದ. ಅವಳು ಅತ್ತಳು. ಎದುರಿಗೆ ಕ್ಯಾಮೆರಾ ಓಡುತ್ತಿತ್ತು.

ಅದೇ ಹೊತ್ತಿಗೆ ಗಂಡ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡು, ಅರಿವಳಿಕೆಯ ಅಮಲಿನಲ್ಲಿ, ದಿಂಬು ಸರಿಮಾಡಲು ಬಂದ ನರ್ಸಮ್ಮನನ್ನು "ಕಾಲರಿಗೆ ಗಂಜಿ ಎಷ್ಟು ಹಾಕ್ಲಿ?" ಎಂದು ವಿಚಾರಿಸುತ್ತಿದ್ದ. ಇಸ್ತ್ರಿ ಅಂಗಡಿಯವನು. ಸತ್ತವನ ಲಕ್ಷಣ ಒಂದೂ ಇರಲಿಲ್ಲ.

ಮಗನ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತು. ಹಿಂದೆ ಮುಂದೆ ವಿಶೇಷಣಗಳು ಜೋತಾಡುತ್ತಿದ್ದವು. ಮನೆಯಲ್ಲಿ ಮಾತ್ರ ಅವನು ಗುಂಡ.

ಗುಂಡ ಮೊದಲು ನಟ. ಮೀಸೆ ನೆಟ್ಟಗೆ ಬಲಿಯುವ ಮೊದಲೇ ಸಿನಿಮಾಕ್ಕೆ ಹೋದವನು. ಮೂಗು ಮುಖ ಚೆನ್ನಾಗಿದ್ದುದರಿಂದ ನಾಯಕನ ತಮ್ಮನ ಪಾತ್ರ ಕಾಯಂ ಆಯಿತು. ನಾಯಕನ ತಮ್ಮನೆಂದರೆ ಮಧ್ಯಂತರಕ್ಕೆ ಮೊದಲು ಸಾಯಬೇಕಾದವನು. ಸಾಯುವುದನ್ನು ಗುಂಡ ಚೆನ್ನಾಗಿಯೇ ಸಾಯುತ್ತಿದ್ದ; ಉಸಿರು ಬಿಗಿಹಿಡಿದು ಬಿದ್ದುಕೊಂಡರೆ ಮುಗಿಯಿತು, ಅದರಲ್ಲಿ ಮಾಡುವುದೇನಿದೆ? ತೊಡಕಿದ್ದದ್ದು ಅಳುವುದರಲ್ಲಿ. ಏನು ಮಾಡಿದರೂ ಅಳು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಲಿಸರಿನ್ ಹಾಕಿದರೆ ಕಣ್ಣು ಊದಿಕೊಂಡು, ಅಪ್ಪನನ್ನು ಕಳೆದುಕೊಂಡವನ ಬದಲು ಜೇನುಹುಳದಿಂದ ಕಚ್ಚಿಸಿಕೊಂಡವನ ಹಾಗೆ ಕಾಣುತ್ತಿದ್ದ. ಒಂದು ದಿನ ಹಳೇ ಕಾಲದ ನಿರ್ದೇಶಕನೊಬ್ಬ ಇಡೀ ಸೆಟ್ಟಿನ ಮುಂದೆ, "ಲೋ, ಎಣ್ಣೆ ಕಾಣದ ಆ ಬಾಗಿಲು ನಿನಗಿಂತ ಚೆನ್ನಾಗಿ ಅಳುತ್ತಲ್ಲೋ! ಅದಕ್ಕೇ ಮೇಕಪ್ ಹಾಕಿಸಿಬಿಡ್ಲಾ?" ಎಂದುಬಿಟ್ಟ. ಲೈಟ್ ಹಿಡಿದವರೆಲ್ಲ ನಕ್ಕರು. ಲೈಟೂ ಅಲ್ಲಾಡಿತು.

ಬೇರೆ ಯಾರಾದರೂ ಆಗಿದ್ದರೆ ತನಗೆ ನಟನೆ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಗುಂಡ ಬುದ್ಧಿವಂತ. ನಟನೆಯೆಂಬುದೇ ಸುಳ್ಳು ಎಂಬ ತೀರ್ಮಾನಕ್ಕೆ ಬಂದ. ಫಿಲ್ಮ್ ಸೊಸೈಟಿಯ ಮಡಚುವ ಕುರ್ಚಿಗಳಲ್ಲಿ ಕೂತು ದೇಶದೇಶಗಳ ಬಡತನವನ್ನು ನೋಡಿದ. ಗಡ್ಡ ಬಿಟ್ಟ. ಮಾತಿನ ನಡುವೆ ನಿಲ್ಲಿಸಿ ಕಿಟಕಿಯಾಚೆ ನೋಡುವುದನ್ನು ಕಲಿತ. ಕಿಟಕಿ ಇಲ್ಲದ ಕೋಣೆಯಲ್ಲಿ ಗೋಡೆಯನ್ನೇ ನೋಡುತ್ತಿದ್ದ. "ನನ್ನ ಸಿನಿಮಾದಲ್ಲಿ ಯಾರೂ ನಟಿಸೋದಿಲ್ಲ. ಬದುಕ್ತಾರೆ" ಎಂದು ಸಾರಿದ. ಕೇಳಿದವರಿಗೆ ಮೈ ಜುಮ್ಮೆಂದಿತು. ಬದುಕುವವರಿಗೆ ನಟರಿಗೆ ಕೊಡುವಷ್ಟು ಕೊಡಬೇಕಾಗಿಲ್ಲ ಎಂದು ನಿರ್ಮಾಪಕರಿಗೂ ಜುಮ್ಮೆಂದಿತು.

ಮೊದಲ ಸಿನಿಮಾವನ್ನು ಅಪ್ಪನ ಅಂಗಡಿಯಲ್ಲೇ ತೆಗೆದ. ಅಪ್ಪನೇ ನಾಯಕ.

"ಇನ್ನೂ ನಿಧಾನ ಅಪ್ಪ. ಇಸ್ತ್ರಿಪೆಟ್ಟಿಗೆ ಭಾರ ಅನ್ನಿಸ್ಬೇಕು. ಶೋಷಣೆ ಕಾಣಬೇಕು."

"ಇಷ್ಟು ನಿಧಾನ ಮಾಡಿದ್ರೆ ಶೋಷಣೆ ಅಲ್ಲ ಕಣೋ, ತೂತು ಕಾಣುತ್ತೆ."

ಕಂಡಿತು. ಒಬ್ಬ ಗಿರಾಕಿಯ ಬಿಳಿ ಅಂಗಿಯ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಂಥದೇ ಕಂದು ತೂತು. ಅದು ವ್ಯವಸ್ಥೆಯ ಬೆನ್ನಿನ ಮೇಲಿನ ಗಾಯವೆಂದು ವಿಮರ್ಶಕರು ಬರೆದರು. ಒಬ್ಬರಂತೂ ಆ ತೂತಿನೊಳಗಿಂದ ಇಡೀ ಶತಮಾನವನ್ನು ನೋಡಿದರು. ಅಂಗಿಯ ಒಡೆಯ ಮಾತ್ರ ಬೀದಿಯಲ್ಲಿ ನಿಂತು ಅಪ್ಪನ ಮಾನ ಹರಾಜು ಹಾಕಿ, ಅಂದಿನಿಂದ ಬೇರೆ ಅಂಗಡಿಗೆ ಬಟ್ಟೆ ಹಾಕತೊಡಗಿದ. ಪಾಪ, ವಿಮರ್ಶೆ ಓದುವ ಅಭ್ಯಾಸ ಅವನಿಗಿರಲಿಲ್ಲ.

ಎರಡನೆಯ ಸಿನಿಮಾಕ್ಕೆ ಒಬ್ಬ ಹೊಸ ನಟನನ್ನು ಹೇಳದೆ ಕೇಳದೆ ಲಿಫ್ಟಿನೊಳಗೆ ಕೂಡಿಹಾಕಿಸಿ, ಅವನು ಬಾಗಿಲು ಬಡಿದು ಕಿರುಚಿದ್ದನ್ನು ಮೂಲೆಯಲ್ಲಿ ಬಚ್ಚಿಟ್ಟ ಕ್ಯಾಮೆರಾದಲ್ಲಿ ಹಿಡಿದ. ಅದಕ್ಕೆ ಶ್ರೇಷ್ಠ ನಟನೆಂಬ ಪ್ರಶಸ್ತಿ ಬಂತು. ಸಮಾರಂಭ ಎತ್ತರದ ಹೋಟೆಲೊಂದರ ತುತ್ತತುದಿಯಲ್ಲಿ. ನಟ ಬರಲಿಲ್ಲ, ಅವನು ಲಿಫ್ಟ್ ಹತ್ತುವುದನ್ನು ಬಿಟ್ಟಾಗಿತ್ತು. ಅವನ ಪರವಾಗಿ ಗುಂಡನೇ ಇಸಿದುಕೊಂಡ. ಆ ಪ್ರಶಸ್ತಿ ಇನ್ನೂ ಗುಂಡನ ಕಪಾಟಿನಲ್ಲೇ ಇದೆ. ನಟನ ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಹೋಗಿ ಕೊಡಲು ಗುಂಡನಿಗೆ ಪುರಸೊತ್ತಾಗಲಿಲ್ಲ.

ಮೂರನೆಯದಕ್ಕೆ ತಾಯಿಯ ಸರದಿ ಬಂತು.

ಅವಳದು ಸಣ್ಣ ಪಾತ್ರ. ಇಸ್ತ್ರಿ ಅಂಗಡಿಯ ಹೆಂಗಸು, ಕಟ್ಟಡದ ಮೇಲಿಂದ ಬಿದ್ದು ಗಂಡ ಸತ್ತನೆಂಬ ಸುದ್ದಿ ಬರುತ್ತದೆ, ಅಳಬೇಕು. ಅಷ್ಟೇ. ಅವಳಿಂದ ಆಗಲಿಲ್ಲ. ಪ್ರತಿ ಸಲವೂ ಸುದ್ದಿ ತರುವವನು ಬಾಗಿಲಿಗೆ ಬಂದಕೂಡಲೇ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

"ಅಮ್ಮ, ನಿನ್ನ ಗಂಡ ಸತ್ತಿದ್ದಾನೆ. ನಗ್ತೀಯಲ್ಲ!"

"ಬೆಳಿಗ್ಗೆ ಉಪ್ಪು ಜಾಸ್ತಿ ಆಯ್ತು ಅಂತ ಮುಖ ಸೊಟ್ಟ ಮಾಡ್ಕೊಂಡು ಹೋದ್ರು ಕಣೋ. ಆ ಮುಖಾನೇ ಕಣ್ಮುಂದೆ ಬರುತ್ತೆ. ಹೆಂಗೋ ಅಳೋದು?"

ಗುಂಡ ಸುಮ್ಮನಾದ. ಅವನು ಸುಮ್ಮನಾದನೆಂದರೆ ಯಾರಿಗೋ ಕಾದಿದೆ ಎಂದೇ ಅರ್ಥ ಎಂಬುದು ಅವನ ತಂಡದವರಿಗೆಲ್ಲ ಗೊತ್ತಿತ್ತು. ತಾಯಿಗೆ ಗೊತ್ತಿರಲಿಲ್ಲ. ಅಪ್ಪನ ಆಪರೇಷನ್ನಿನ ದಿನವೇ ಮತ್ತೆ ಚಿತ್ರೀಕರಣ ಇಟ್ಟುಕೊಂಡ. "ಆಸ್ಪತ್ರೇಲಿ ಎಲ್ಲರೂ ಕೂತು ಏನ್ಮಾಡೋದಮ್ಮ, ಅಲ್ಲಿ ನಮ್ಮ ಹುಡುಗರಿದ್ದಾರೆ" ಎಂದ. ಅವಳು ಅಂಗಡಿಯಲ್ಲಿ ದಿಂಬಿನ ಚೀಲ ಮಡಚುತ್ತಿದ್ದಾಗ ಫೋನು ಹಿಡಿದು ಒಳಗೆ ಬಂದ. ಮುಖ ಬಿಳಿಚಿಸಿಕೊಂಡಿದ್ದ. "ಅಮ್ಮ... ಅಪ್ಪ ಹೋಗ್ಬಿಟ್ಟ" ಎಂದ. ಅಷ್ಟು ವರ್ಷ ಸಿನಿಮಾದಲ್ಲಿದ್ದು ಗುಂಡ ಚೆನ್ನಾಗಿ ನಟಿಸಿದ್ದು ಆವತ್ತು ಒಂದೇ ಸಲ. ಅದನ್ನು ಮಾತ್ರ ಯಾರೂ ಚಿತ್ರೀಕರಿಸಲಿಲ್ಲ.

ನಿಜ ತಿಳಿದ ಮೇಲೆ ಅವಳು ಅವನ ಕೆನ್ನೆಗೆ ಒಂದು ಬಿಟ್ಟಳು. ತಂಡದವರು ಚಪ್ಪಾಳೆ ತಟ್ಟಿದರು. ಮಗ ಅವಳ ಕಾಲು ಹಿಡಿದುಕೊಂಡ. "ನೀನು ಅತ್ತ ತಕ್ಷಣ ನನ್ನಿಂದ ತಡ್ಕೊಳ್ಳೋಕಾಗ್ಲಿಲ್ಲ ಅಮ್ಮ. ಕ್ಯಾಮೆರಾ ಬಿಟ್ಟು ಓಡಿ ಬಂದು ಹೇಳಿಬಿಟ್ಟೆ. ಒಂದೇ ಕ್ಷಣ ಅಮ್ಮ. ಒಂದೇ ಒಂದು ಕ್ಷಣ."

ಆ ಏಟನ್ನು ಅವನು ವ್ಯರ್ಥ ಮಾಡಲಿಲ್ಲ. ಸಂದರ್ಶನ ಕೊಟ್ಟಲ್ಲೆಲ್ಲ ಕೆನ್ನೆ ಸವರಿಕೊಂಡು, "ನನಗೆ ಬಂದ ದೊಡ್ಡ ಪ್ರಶಸ್ತಿ ನಮ್ಮಮ್ಮನ ಏಟು" ಎಂದ. ಸಂದರ್ಶನ ಮಾಡುವ ಹೆಣ್ಣುಮಕ್ಕಳ ಕಣ್ಣು ಒದ್ದೆಯಾದವು.

ತಾಯಿ ಕ್ಷಮಿಸಿದಳು. ಕ್ಷಮಿಸುವುದಕ್ಕೂ ಅವಳಿಗೊಂದು ಲೆಕ್ಕಾಚಾರ ಬೇಕಾಗಿತ್ತು, ಅದು ಆ ಒಂದು ಕ್ಷಣ. ಮಗು ಚೂಪಾದದ್ದು ಹಿಡಿದು ಆಡುತ್ತ ತಾಯಿಗೆ ಚುಚ್ಚಿಬಿಡುತ್ತದೆ, ರಕ್ತ ಕಂಡಕೂಡಲೇ ತಾನೇ ಹೆದರಿ ಅಳುತ್ತದೆ. ಇದೂ ಹಾಗೆಯೇ ಎಂದುಕೊಂಡಳು. ಆದರೆ ಅವಳ ನೆನಪು ಆ ಲೆಕ್ಕಕ್ಕೆ ಬಗ್ಗುತ್ತಿರಲಿಲ್ಲ. ತುಂಬ ಹೊತ್ತು ಅತ್ತ ಹಾಗೆ, ಆಸ್ಪತ್ರೆಗೆ ಹೋಗಲು ಗಾಡಿ ಬಂತಾ ಗಾಡಿ ಬಂತಾ ಎಂದು ಕೇಳಿದ ಹಾಗೆ, ಗಂಡನ ನೀಲಿ ಅಂಗಿಯೊಂದನ್ನು ಇಸ್ತ್ರಿ ಮಾಡಿದ ಹಾಗೆ ಏನೇನೋ ಬರುತ್ತಿತ್ತು. ಒಂದೇ ಕ್ಷಣದಲ್ಲಿ ಅಂಗಿ ಇಸ್ತ್ರಿ ಆಗುತ್ತದೆಯೇ? ದುಃಖದಲ್ಲಿ ತಲೆ ಕೆಟ್ಟಿರಬೇಕು, ಯಾವತ್ತೋ ಮಾಡಿದ್ದನ್ನು ಆವತ್ತಿಗೆ ಸೇರಿಸಿಕೊಂಡಿರಬೇಕು ಎಂದು ತನ್ನ ನೆನಪಿಗೇ ಬೈದು ಕೂರಿಸಿದಳು. ಮಗನನ್ನು ನಂಬಬೇಕಾದರೆ ಅದೊಂದೇ ದಾರಿಯಿತ್ತು.

ಕೆಲವು ವಾರ ಕಳೆದ ಮೇಲೆ ಗುಂಡ ಮನೆಗೆ ಬಂದು, "ಅಮ್ಮ, ನಾಳೆ ಸ್ಟುಡಿಯೋಗೆ ಬಾ. ನಿನ್ನ ಅಳು ಸ್ವಲ್ಪ ಬೇಕು" ಎಂದ. ಪಕ್ಕದ ಮನೆಯವರು ಸಕ್ಕರೆ ಕೇಳುವ ಧಾಟಿಯಲ್ಲಿ.

ಆದದ್ದಿಷ್ಟು. ಆ ದೃಶ್ಯದಲ್ಲಿ ಚಿತ್ರ ಅದ್ಭುತವಾಗಿತ್ತು, ಸದ್ದು ಕೆಟ್ಟಿತ್ತು. ಅಳು ಶುರುವಾದದ್ದೇ ಗುಂಡ ಮೈಮೇಲೆ ಎಚ್ಚರವಿಲ್ಲದೆ ಬಾಯಿಬಿಟ್ಟು ಏನೇನೋ ಹೇಳುತ್ತಲೇ ಇದ್ದ. ಅವನ ದನಿ ತಾಯಿಯ ಅಳುವಿನ ಮೇಲೆಲ್ಲ ಚೆಲ್ಲಿಕೊಂಡಿತ್ತು. ಚಿತ್ರದಲ್ಲಿ ಕಾಣುವ ಬಾಯಿಗೆ ಹೊಂದಿಸಿ ಅವಳೇ ಮತ್ತೆ ಮೈಕಿನ ಮುಂದೆ ಅಳಬೇಕು. ಅಳುವುದನ್ನೇ ಕಸುಬು ಮಾಡಿಕೊಂಡ ಡಬ್ಬಿಂಗ್ ಕಲಾವಿದೆಯರಿದ್ದರು; ಅವರಲ್ಲೊಬ್ಬಳನ್ನು ಕರೆದಿದ್ದರೆ ಚಹಾ ಆರುವಷ್ಟರಲ್ಲಿ ಅತ್ತು ಮುಗಿಸಿ ಹೋಗುತ್ತಿದ್ದಳು. ಆದರೆ ದೊಡ್ಡ ಚಿತ್ರೋತ್ಸವದವರಿಗೆ, ಪತ್ರಿಕೆಯವರಿಗೆ, ಕಂಡಕಂಡವರಿಗೆಲ್ಲ ಗುಂಡ ಆಗಲೇ ಹೇಳಿಬಿಟ್ಟಿದ್ದ: ಈ ಸಿನಿಮಾದಲ್ಲಿ ಎರವಲು ದನಿ ಒಂದೂ ಇಲ್ಲ. ತಾಯಿ ಅಳದಿದ್ದರೆ ಆ ದೃಶ್ಯವಿಲ್ಲ. ಆ ದೃಶ್ಯವಿಲ್ಲದಿದ್ದರೆ ಸಿನಿಮಾವೇ ಇಲ್ಲ. ಹಾಗೆಂದು ಅವನೇ ಹೇಳಿದ.

"ನಾನೂ ಬರ್ತೀನಿ" ಎಂದ ಗಂಡ. "ನಾನು ಸತ್ರೆ ನೀನು ಎಷ್ಟರಮಟ್ಟಿಗೆ ಅಳ್ತೀಯ ಅಂತ ಎಷ್ಟು ಜನ ಗಂಡಂದ್ರಿಗೆ ನೋಡೋಕೆ ಸಿಗುತ್ತೆ, ಹೇಳು?"

"ಸುಮ್ನಿರ್ರೀ. ಹೊಲಿಗೆ ಬಿಟ್ಕೊಂಡೀತು."

ಡಬ್ಬಿಂಗ್ ಕೋಣೆಯ ಗೋಡೆಗೆ ಹಾಸಿಗೆಯಂಥ ಬೂದು ಬಟ್ಟೆ ಬಡಿದಿದ್ದರು. ಮಾತಾಡಿದರೆ ಮಾತು ಗೋಡೆಯೊಳಗೆ ಹೂತುಹೋಗುತ್ತಿತ್ತು. ಮುಂದೆ ಪರದೆ, ನಡುವೆ ಕಂಬಿಗೆ ಕಟ್ಟಿದ ಮೈಕು, ಪಕ್ಕದ ಗಾಜಿನಾಚೆ ಸೌಂಡ್ ಇಂಜಿನಿಯರ್. ಸಣಕಲು ಮನುಷ್ಯ, ಎಲ್ಲರೂ ಅವನನ್ನು ಕಿವಿ ಸಾರ್ ಎನ್ನುತ್ತಿದ್ದರು. ಗುಂಡನ ಸಹಾಯಕಿಯೂ ಬಂದಿದ್ದಳು. ಆವತ್ತು ಅಂಗಡಿಯಲ್ಲಿ ತಾಯಿಯ ಕೈ ಹಿಡಿದುಕೊಂಡು ಕೂತಿದ್ದವಳು ಇವಳೇ. ಇವತ್ತು ಏಕೋ ಹತ್ತಿರ ಬರದೆ ಬಾಗಿಲ ಬಳಿಯೇ ನಿಂತಿದ್ದಳು. ಗಂಡ ಹಿಂದಿನ ಸೋಫಾದಲ್ಲಿ ಕೂತು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ.

"ಸಾರ್, ನಾನು ಸತ್ತಿದ್ದು ಚೆನ್ನಾಗಿ ಬಂದಿದ್ಯಾ?" ಎಂದು ಗಾಜಿನ ಕಡೆ ಕೂಗಿದ.

"ಸೂಪರಾಗಿದೆ ಯಜಮಾನ್ರೆ. ನೀವೊಬ್ರೇ ಕಾಣಲ್ಲ ಅಷ್ಟೆ."

ಗುಂಡ ತಾಯಿಯ ತಲೆಗೆ ಹೆಡ್‌ಫೋನ್ ಹಾಕಿ, ಕಿವಿಯ ಮೇಲಿನ ಕೂದಲು ತಾನೇ ಸರಿಸಿದ. "ನೋಡಮ್ಮ, ಆವತ್ತಿನ ಸದ್ದು ಇದರಲ್ಲಿ ಬರುತ್ತೆ. ಮಧ್ಯೆ ಮಧ್ಯೆ ಗಲಾಟೆ ಇದೆ, ಅದರ ಕಡೆ ಗಮನ ಕೊಡ್ಬೇಡ. ನಿನ್ನ ಅಳು ಕೇಳಿಸ್ಕೋ, ಪರದೆ ಮೇಲೆ ಬಾಯಿ ನೋಡ್ಕೋ, ಹಾಗೇ ಅಳು. ಆಯ್ತಾ?"

ಆ ಗಲಾಟೆಯನ್ನು ಅವನು ಎಷ್ಟು ಸಲ ಕೇಳಿದ್ದನೆಂದರೆ ಅದು ಅವನ ಪಾಲಿಗೆ ಮಾತಾಗಿ ಉಳಿದಿರಲಿಲ್ಲ. ಒರೆಸಬೇಕಾದ ಧೂಳಾಗಿತ್ತು. ಅದರಲ್ಲಿ ತಾನೇನು ಹೇಳಿದ್ದೇನೆ ಎಂಬುದೂ, ಅದನ್ನು ಕೇಳಲಿರುವವಳು ಯಾರೆಂಬುದೂ ಅವನಿಗೆ ಹೊಳೆಯಲಿಲ್ಲ.

ದೀಪ ಆರಿತು. ಪರದೆಯ ಮೇಲೆ ಅಂಗಡಿ ಬಂತು. ಮಡಚಿಟ್ಟ ದಿಂಬಿನ ಚೀಲಗಳ ಹಿಂದೆ ಅವಳು. ತನ್ನ ಬಾಯಿ ತೆರೆದುಕೊಂಡದ್ದನ್ನು ಅವಳು ನೋಡಿದಳು. ಅದು ತನ್ನದೆಂದು ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಕಿವಿಯೊಳಗೆ ಅಳು, ಅಳುವಿನ ಮೇಲೆ ಮಗನ ದನಿ.

"ಸೂಪರ್... ಸೂಪರ್ ಅಮ್ಮ... ಎಡಗಡೆ ತಿರುಗ್ಸಿ ಅವಳನ್ನ, ಬೆಳಕು ಆ ಕಡೆ ಇದೆ... ಹಾಂ. ಫೋಕಸ್ ಇತ್ತಾ?"

"ಇತ್ತು ಸಾರ್."

"ಇದು ದೂರದ್ದಾಯ್ತು. ಮುಖಾನೇ ಬೇಕು ನಂಗೆ. ಲೆನ್ಸ್ ಬದಲಾಯ್ಸಿ."

ಆಮೇಲೆ ಸಹಾಯಕಿಯ ಸಣ್ಣ ದನಿ: "ಸಾರ್, ಅಮ್ಮಂಗೆ ಹೇಳಿಬಿಡೋಣ ಸಾರ್, ನೋಡೋಕಾಗ್ತಿಲ್ಲ."

"ಶ್! ಲೆನ್ಸ್ ಹಾಕೋವರೆಗೂ ಯಾರೂ ಬಾಯಿ ಬಿಡ್ಬೇಡಿ. ಅಳು ನಿಲ್ಲಬಾರ್ದು. ಗಾಡಿ ಬರ್ತಿದೆ ಅಂತ ಹೇಳ್ತಾ ಇರು."

"ಲೆನ್ಸ್ ಗಾಡೀಲೇ ಉಳೀತು ಸಾರ್."

"ಥೂ ನಿಮ್ಮ! ಓಡಿ ಹೋಗಿ ತಗೊಂಬನ್ನಿ."

ಚಪ್ಪಲಿಗಳು ಓಡಿದವು. ದೂರದಲ್ಲೆಲ್ಲೋ ಗಾಡಿಯ ಬಾಗಿಲು ತೆರೆದ ಸದ್ದು. ಅದರ ನಡುವೆ ಒಬ್ಬ ಹೆಂಗಸು, "ಗಾಡಿ ಬಂತಾ? ನೋಡ್ರಪ್ಪ ಯಾರಾದ್ರೂ, ಗಾಡಿ ಬಂತಾ?" ಎಂದು ಕೇಳುತ್ತಲೇ ಇದ್ದಳು. "ಬರ್ತಿದೆ ಅಮ್ಮ, ಬರ್ತಿದೆ" ಎನ್ನುತ್ತಿತ್ತು ಹುಡುಗಿಯ ದನಿ. ಗಾಡಿ ಬೀದಿಯಲ್ಲೇ ನಿಂತಿತ್ತು. ಅದರಿಂದ ಲೆನ್ಸ್ ಇಳಿಸುತ್ತಿದ್ದರು.

ಪರದೆಯ ಮೇಲೆ ಚಿತ್ರ ಕತ್ತರಿಸಿ ಮುಖ ಹತ್ತಿರ ಬಂತು. ಕಣ್ಣು ಮೂಗು ಒರೆಸಿಕೊಂಡ ಮುಖ. ಅದು ಕೆಳಗೆ ಬಾಗಿತು. ಕೈ ರಾಶಿಯೊಳಗಿಂದ ನೀಲಿ ಅಂಗಿಯೊಂದನ್ನು ಎಳೆದುಕೊಂಡಿತು. ಗಂಡನಿಗೆ ಕೊನೆಯ ಸಲ ಹಾಕಬೇಕಲ್ಲ, ಸುಕ್ಕಾಗಿರಬಾರದಲ್ಲ. ಮೊದಲು ಕಾಲರು, ಆಮೇಲೆ ಹೆಗಲು, ಆಮೇಲೆ ತೋಳು. ತೋಳಿನ ಮೇಲೆ ಬಿದ್ದ ನೀರು ಇಸ್ತ್ರಿಪೆಟ್ಟಿಗೆಯ ಕೆಳಗೆ ಚುಯ್ ಎಂದಿತು. ಕಿವಿಯಲ್ಲಿ ಮಗನ ಪಿಸುದನಿ, ಆನಂದದಿಂದ ನಡುಗುತ್ತಿತ್ತು: "ಅಯ್ಯೋ, ಇಸ್ತ್ರಿ ಮಾಡ್ತಿದ್ದಾಳೆ ಕಣ್ರೋ... ಯಾರೂ ಅಲ್ಲಾಡ್ಬೇಡಿ... ಅಂಗಿ ಪೂರ್ತಿ ಮುಗೀಲಿ."

ದೀಪ ಬಂತು. ಅವಳು ಅತ್ತಿರಲಿಲ್ಲ. ಬಾಯಿ ಕೂಡ ತೆರೆದಿರಲಿಲ್ಲ.

"ಪರವಾಗಿಲ್ಲಮ್ಮ, ಮೊದಲ ಸಲ ಎಲ್ಲರಿಗೂ ಹಿಂಗೇ" ಎಂದ ಗುಂಡ. "ಇನ್ನೊಂದ್ಸಲ ಹೋಗೋಣ."

"ಕಿವಿ ಸಾರ್," ಎಂದಳು ತಾಯಿ, "ಇದನ್ನ ಎಲ್ಲರಿಗೂ ಕೇಳ್ಸೋ ಹಾಗೆ ಹಾಕೋಕಾಗುತ್ತಾ?"

ಕಿವಿ ಸಾರ್ ಗುಂಡನ ಕಡೆ ನೋಡಿದ. ಗುಂಡನಿಗೆ ಇನ್ನೂ ಅರ್ಥವಾಗಿರಲಿಲ್ಲ. "ಹಾಕಿ, ಹಾಕಿ, ಅವಳಿಗೆ ಮೂಡ್ ಬರ್ಲಿ" ಎಂದ. ಕಿವಿ ಸಾರ್ ಗುಂಡಿ ಒತ್ತಿದ.

ದೊಡ್ಡ ಸ್ಪೀಕರಿನಲ್ಲಿ ಎಲ್ಲವೂ ಬಂತು. ಸೂಪರ್ ಬಂತು, ಲೆನ್ಸ್ ಬಂತು, ಗಾಡಿ ಬಂತು. 'ಅಂಗಿ ಪೂರ್ತಿ ಮುಗೀಲಿ' ಎಂಬುದು ಕೋಣೆಯ ತುಂಬ ಮೊಳಗಿತು. ಸಹಾಯಕಿ ಮುಖವನ್ನು ಗೋಡೆಯ ಬಟ್ಟೆಗೆ ಒತ್ತಿಕೊಂಡಳು. ಗಂಡನ ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ಒಂದೇ ಕ್ಷಣ ಅಂದಿದ್ದೆ" ಎಂದಳು ತಾಯಿ.

ಈಗ ಗುಂಡನಿಗೆ ತಿಳಿಯಿತು. ಗಡ್ಡ ಕೆರೆದುಕೊಂಡ. ಕಿಟಕಿ ಹುಡುಕಿದ, ಇರಲಿಲ್ಲ. "ಅಮ್ಮ, ಬಿಸಿಲು ಹೋಗ್ತಿತ್ತು" ಎಂದ.

"ಏನು?"

"ಬಿಸಿಲಮ್ಮ. ಅಂಗಡಿಗೆ ಆ ಓರೆ ಬಿಸಿಲು ಬೀಳೋದೇ ಸ್ವಲ್ಪ ಹೊತ್ತು. ಅದು ಹೋದ್ರೆ ಮತ್ತೆ ಆ ದೃಶ್ಯ ಕೈಗೆ ಸಿಗ್ತಿರ್ಲಿಲ್ಲ. ನಿಂಗೆ ಹೇಳಿಬಿಟ್ಟು ಆಮೇಲೆ ಮತ್ತೆ ಅಳು ಅಂದ್ರೆ ಅಳ್ತಿದ್ಯಾ?"

"ನಿನಗೆ ಬಿಸಿಲು ಹೋಗ್ತಿತ್ತು. ನನಗೆ ನಿಮ್ಮಪ್ಪ ಹೋಗಿದ್ರು ಕಣೋ. ನನ್ನ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಇಷ್ಟು ದಿನ. ಮಾಡದ ಇಸ್ತ್ರಿ ಮಾಡ್ದೆ ಅನ್ಸುತ್ತಲ್ಲ, ಮುಪ್ಪು ಬಂತೇನೋ ಅಂತ. ನಿನ್ನ ಮಾತು ನಿಜ ಮಾಡೋಕೆ ನನಗೆ ನಾನೇ ಹುಚ್ಚಿ ಪಟ್ಟ ಕಟ್ಕೊಂಡಿದ್ದೆ."

"ನೀನು ಆ ಅಂಗಿ ಇಸ್ತ್ರಿ ಮಾಡಿದ್ಯಲ್ಲಮ್ಮ, ಅಂಥದ್ದು ಪ್ರಪಂಚದ ಯಾವ ಸಿನಿಮಾದಲ್ಲೂ ಇಲ್ಲ. ನಾಳೆ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಬಡವರ ನೋವು ಏನು ಅಂತ ಲೋಕಕ್ಕೆ ಗೊತ್ತಾಗುತ್ತೆ."

"ನೋವು ಕೊಟ್ಟಿದ್ಯಾರು ಅಂತಾನೂ ಗೊತ್ತಾಗುತ್ತಾ?"

ಕಿವಿ ಸಾರ್ ಗಾಜಿನಾಚೆ ಕೆಮ್ಮಿದ. ಗುಂಡ ತಂದೆಯ ಕಡೆ ತಿರುಗಿದ. "ಅಪ್ಪ, ನೀನಾದ್ರೂ ಹೇಳಪ್ಪ. ಇದೊಂದು ಆಗದಿದ್ರೆ ನಾನು ಮುಳುಗ್ದೆ."

ಗಂಡ ಬಿಸ್ಕತ್ತನ್ನು ಪೊಟ್ಟಣದೊಳಗೆ ವಾಪಸ್ಸಿಟ್ಟ. "ನಾನು ಸತ್ತೋನಲ್ವೇನಪ್ಪ," ಎಂದ, "ಸತ್ತೋರನ್ನ ಯಾರಾದ್ರೂ ಶಿಫಾರಸು ಕೇಳ್ತಾರಾ?"

ಗುಂಡ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ. ಮಗನಾಗಿ ಕೇಳಿದ್ದು ಸಾಗಲಿಲ್ಲ. ಈಗ ನಿರ್ದೇಶಕನಾದ. ದನಿ ತಗ್ಗಿಸಿ, ಲಿಫ್ಟಿನ ನಟನ ಜೊತೆ ಮಾತಾಡುತ್ತಿದ್ದ ಮೃದುತನದಿಂದ ಹೇಳಿದ:

"ಆಯ್ತಮ್ಮ. ನಿಜವಾಗಿ ಅಳೋದು ಬೇಡ. ಮನಸ್ಸಿಗೆ ಏನೂ ಹಚ್ಕೋಬೇಡ. ಸುಮ್ನೆ ಸದ್ದು ಮಾಡು ಸಾಕು. ಬಾಯಿಗೆ ಸರಿಯಾಗಿ ಉಂ ಉಂ ಅಂತ. ಅಳೋ ಥರ ನಟನೆ ಮಾಡಮ್ಮ."

ಗಾಜಿನಾಚೆಯಿಂದ ಕಿವಿ ಸಾರ್ ಮೈಕಿನ ಗುಂಡಿ ಒತ್ತಿ, ಬಹಳ ವಿನಯದಿಂದ ಕೇಳಿದ: "ಏನು ಮಾಡ್ಲಿ ಅಂದ್ರಿ ಸಾರ್? ನಟನೇನಾ?"

"ನೀವು ನಿಮ್ಮ ಕೆಲಸ ನೋಡ್ರಿ! ದೀಪ ಆರ್ಸಿ. ರೆಕಾರ್ಡಿಂಗ್ ಹಾಕಿ."

ದೀಪ ಆರಿತು. ಮೈಕಿನ ಮೇಲಿನ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಗುಂಡ ತಾಯಿಯ ಎರಡೂ ಹೆಗಲು ಹಿಡಿದು ಮೈಕಿನ ನೇರಕ್ಕೆ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಯೆತ್ತಿ ಇಳಿಸಿದ. ಪರದೆಯ ಮೇಲಿನ ಹೆಂಗಸು ಬಾಯಿ ತೆರೆದಳು. ಮೈಕಿನ ಮುಂದಿನ ಹೆಂಗಸು ಅವಳನ್ನು ಕೊನೆಯವರೆಗೂ ನೋಡಿದಳು, ಕಾಲರಿನಿಂದ ತೋಳಿನವರೆಗೆ. ಅವಳ ಗಂಟಲಿಂದ ಉಸಿರೂ ಹೊರಬೀಳಲಿಲ್ಲ.

"ಅಮ್ಮ, ಅಳು."

"ಅಳಲ್ಲ."

"ಅಮ್ಮ, ಹೇಳಿದ ಹಾಗೆ ಕೇಳು. ಇನ್ನೊಂದ್ಸಲ ಹಾಕಿಸ್ತೀನಿ, ಆಗ ಅಳು."

ಅವಳು ಹೆಡ್‌ಫೋನ್ ತೆಗೆದು ಅವನ ಕೈಗೆ ಕೊಟ್ಟಳು.

"ಎಷ್ಟು ಸಲ ಹಾಕಿದ್ರೂ ಅಳಲ್ಲ ಕಣೋ" ಎಂದಳು.